ಸಿ-8 ಕೋಷ್ಟಕ: ಪುಕ್ಕಟೆ ಸಿಗುತ್ತದೆ, ಆದರೆ ‘ಎಸ್ಸೆಸ್ಸೆಲ್ಸಿ ಫೇಲ್’ಗೆ ಜಾಗ ಇಲ್ಲ

ಇದು ಒಂದು ಎಕ್ಸೆಲ್ ಫೈಲಿನ ವಿಮರ್ಶೆ. ನಗಬೇಡಿ, ಎರಡು ವಾರ ಇದರ ಜೊತೆ ಸಂಸಾರ ಮಾಡಿದ್ದೇನೆ.

ಯಾದಗಿರಿ ಜಿಲ್ಲೆಯ ಶಹಾಪುರದಲ್ಲಿ ನಾವು ನಾಲ್ಕು ಜನ ಸೇರಿ ಸಂಜೆ ಹೊತ್ತು ಪಾಠ ಹೇಳುತ್ತೇವೆ. ಬರುವವರೆಲ್ಲ ದೊಡ್ಡವರು. ಎಸ್ಸೆಸ್ಸೆಲ್ಸಿ ಫೇಲಾಗಿ ಹತ್ತು ಹದಿನೈದು ವರ್ಷ ಬಿಟ್ಟು, ಈಗ ಡ್ರೈವರ್ ಕೆಲಸಕ್ಕೋ ಅಂಗನವಾಡಿ ಕೆಲಸಕ್ಕೋ ಬೇಕು ಅಂತ ಮತ್ತೆ ಪರೀಕ್ಷೆ ಕಟ್ಟುವವರು. ನೆರವು ಕೇಳಿ ಅರ್ಜಿ ಹಾಕಿದ ಕಡೆ ಒಂದೇ ಪ್ರಶ್ನೆ ಕೇಳಿದರು: ‘ನಿಮ್ಮ ಭಾಗದಲ್ಲಿ ಇಂಥವರು ಎಷ್ಟು ಜನ ಇದ್ದಾರೆ?’ ಹಾಗೆ ಹುಡುಕಿಕೊಂಡು ಹೋಗಿ ಸಿಕ್ಕಿದ್ದು 2011ರ ಜನಗಣತಿಯ ಸಿ-8 ಕೋಷ್ಟಕ. ಯಾರು ಎಲ್ಲಿವರೆಗೆ ಓದಿದ್ದಾರೆ ಅನ್ನುವುದನ್ನು ಜಿಲ್ಲೆವಾರು, ವಯಸ್ಸುವಾರು, ಗಂಡು ಹೆಣ್ಣು, ಹಳ್ಳಿ ಪೇಟೆ ಅಂತ ಬಿಡಿಸಿ ಕೊಡುವ ಪಟ್ಟಿ. ಜನಗಣತಿ ವೆಬ್‌ಸೈಟಿನಲ್ಲಿ ದುಡ್ಡಿಲ್ಲದೆ ಇಳಿಸಿಕೊಳ್ಳಬಹುದು.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ. ಪತ್ರಿಕೆಗಳಲ್ಲಿ ಬರುವುದು ಬರೀ ಸಾಕ್ಷರತೆ ಪ್ರಮಾಣ. ಕರ್ನಾಟಕ 75.36, ದಕ್ಷಿಣ ಕನ್ನಡ 88.57, ನಮ್ಮ ಯಾದಗಿರಿ 51.83, ಎಲ್ಲರಿಗಿಂತ ಕೆಳಗೆ. ಈ ಅಂಕಿ ಕೇಳಿ ಕೇಳಿ ನಮಗೆ ಮರಗಟ್ಟಿ ಹೋಗಿದೆ. ಆದರೆ ಓದಲು ಬರೆಯಲು ಬರುತ್ತದೆ ಅಂದರೆ ಎಷ್ಟು ಬರುತ್ತದೆ, ಅದನ್ನು ಆ ಅಂಕಿ ಹೇಳುವುದಿಲ್ಲ. ಸಿ-8 ಹೇಳುತ್ತದೆ. ಪ್ರಾಥಮಿಕಕ್ಕಿಂತ ಕಡಿಮೆ, ಪ್ರಾಥಮಿಕ, ಮಾಧ್ಯಮಿಕ (ಅಂದರೆ ಎಂಟನೇ ಕ್ಲಾಸು), ಮೆಟ್ರಿಕ್ (ಅಂದರೆ ಎಸ್ಸೆಸ್ಸೆಲ್ಸಿ), ಪಿಯುಸಿ, ಡಿಪ್ಲೊಮಾ, ಪದವಿ, ಹೀಗೆ ಒಂದೊಂದು ಮೆಟ್ಟಿಲಿಗೂ ಒಂದೊಂದು ಮನೆ, ಅಂದರೆ ಕಾಲಂ.

ಅದರಲ್ಲಿ ನನಗೆ ತುಂಬಾ ಹಿಡಿಸಿದ್ದು ‘ಸಾಕ್ಷರರು, ಆದರೆ ಯಾವ ಶಿಕ್ಷಣ ಮಟ್ಟವೂ ಇಲ್ಲ’ ಅನ್ನುವ ಮನೆ. ಜನಗಣತಿಯ ಲೆಕ್ಕದಲ್ಲಿ 7 ವರ್ಷ ದಾಟಿದವರು ಯಾವುದಾದರೂ ಭಾಷೆಯನ್ನು ಅರ್ಥ ಮಾಡಿಕೊಂಡು ಓದಿ ಬರೆದರೆ ಸಾಕು, ಶಾಲೆಗೆ ಹೋಗಿರಲೇಬೇಕು ಅಂತಿಲ್ಲ. ನಮ್ಮ ಅವ್ವ ಸಾಲಿ ಮೆಟ್ಟಿಲು ಹತ್ತಿದವಳಲ್ಲ. 90ರ ದಶಕದ ಸಾಕ್ಷರತಾ ಆಂದೋಲನದಲ್ಲಿ ರಾತ್ರಿ ಕಂದೀಲು ಬೆಳಕಲ್ಲಿ ಕಲಿತಳು, ಈಗ ಬಸ್ಸಿನ ಬೋರ್ಡು, ರೇಷನ್ ಕಾರ್ಡು, ಪೇಪರಿನ ದಪ್ಪಕ್ಷರ ಎಲ್ಲಾ ಓದುತ್ತಾಳೆ. ಅವಳು ಆ ಮನೆಯಲ್ಲಿ ಇದ್ದಾಳೆ ಅಂತ ತೋರಿಸಿದೆ. ‘ನನ್ನ ಹೆಸರು ಎಲ್ಲೈತಿ?’ ಅಂದಳು. ಹೆಸರಿಲ್ಲವ್ವ, ಬರೀ ಲೆಕ್ಕ ಅಂದೆ. ಮುಖ ತಿರುಗಿಸಿದಳು.

ಈಗ ತಕರಾರು. ನಮ್ಮ ಕಡೆ ‘ಎಸ್ಸೆಸ್ಸೆಲ್ಸಿ ಫೇಲು’ ಅನ್ನುವುದು ಒಂದು ವಿದ್ಯಾರ್ಹತೆ. ಹೆಣ್ಣು ಕೊಡುವಾಗಲೂ ಹಾಗೇ ಹೇಳುತ್ತಾರೆ, ಅಂಗಡಿ ಕೆಲಸಕ್ಕೆ ಕೇಳುವಾಗಲೂ ಹಾಗೇ. ‘ಪಿಯುಸಿ ಫೇಲು’ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ! ಆದರೆ ಪಟ್ಟಿ ಲೆಕ್ಕ ಹಿಡಿಯುವುದು ಪೂರ್ತಿ ಮುಗಿಸಿದ ಮಟ್ಟವನ್ನು ಮಾತ್ರ. ಹತ್ತನೇ ಕ್ಲಾಸಲ್ಲಿ ಗಣಿತ ಒಂದೇ ಉಳಿಸಿಕೊಂಡವನೂ, ಎಂಟು ಮುಗಿಸಿ ಹೊಲಕ್ಕೆ ಹೋದವನೂ ಒಂದೇ ಮನೆಯಲ್ಲಿ ಕೂರುತ್ತಾರೆ. ಇವರಿಬ್ಬರಿಗೂ ಬೇಕಾದ ಪಾಠ ಬೇರೆ, ಬೇಕಾದ ಸಮಯ ಬೇರೆ. ಒಬ್ಬನನ್ನು ಆರು ತಿಂಗಳಲ್ಲಿ ದಡ ಸೇರಿಸಬಹುದು, ಇನ್ನೊಬ್ಬನಿಗೆ ಎರಡು ವರ್ಷ ಬೇಕು. ಎಸ್ಸೆಸ್ಸೆಲ್ಸಿ ಫೇಲಾದವರು ಎಷ್ಟು ಜನ, ನಮಗೆ ಬೇಕಿದ್ದ ಒಂದೇ ಅಂಕಿ ಅದು, ಅದೇ ಸಿಗಲಿಲ್ಲ.

ಇನ್ನೊಂದು, ಯಾದಗಿರಿ ಸಾಲು ಓದುವಾಗ ಇದು ತಲೆಯಲ್ಲಿರಲಿ. ಡಿಗ್ರಿ ಮುಗಿಸಿ ಬೆಂಗಳೂರಲ್ಲಿ ನೆಲೆಸಿದ ನಮ್ಮ ಹುಡುಗ ಲೆಕ್ಕಕ್ಕೆ ಸೇರುವುದು ಬೆಂಗಳೂರಿಗೆ. ಅಂದರೆ ಇಲ್ಲಿ ಕಾಣುವುದು ನಾವು ಎಷ್ಟು ಜನರನ್ನು ಓದಿಸಿದೆವು ಅಂತಲ್ಲ, ಓದಿದವರಲ್ಲಿ ಎಷ್ಟು ಜನ ಇಲ್ಲೇ ಉಳಿದರು ಅಂತ.

ಬಳಸುವವರಿಗೆ ಒಂದೆರಡು ಮಾತು. ಪದವೀಧರರ ಸಂಖ್ಯೆಯನ್ನು ಸುಮ್ನೆ ಒಟ್ಟು ಜನಸಂಖ್ಯೆಯಿಂದ ಭಾಗಿಸಬೇಡಿ, ಅದರಲ್ಲಿ ಹಾಲು ಕುಡಿಯುವ ಕೂಸುಗಳೂ ಇವೆ. 25 ದಾಟಿದವರ ಸಾಲುಗಳನ್ನು ಮಾತ್ರ ಕೂಡಿಸಿ. ಕಲಬುರಗಿ ಅಂತ ಹುಡುಕಿದರೆ ಸಿಗುವುದಿಲ್ಲ, ಗುಲ್ಬರ್ಗ ಅಂತ ಹುಡುಕಿ, ಹೆಸರು ಬದಲಾದದ್ದು 2014ರಲ್ಲಿ. ವಿಜಯನಗರ ಜಿಲ್ಲೆ ಹುಟ್ಟಿದ್ದು 2021ರಲ್ಲಿ, ಅದರ ಬಹುಪಾಲು ಬಳ್ಳಾರಿ ಹೊಟ್ಟೆಯಲ್ಲೇ ಇದೆ, ಹರಪನಹಳ್ಳಿ ತಾಲೂಕು ಮಾತ್ರ ದಾವಣಗೆರೆ ಲೆಕ್ಕದಲ್ಲಿದೆ. ಮೊಬೈಲಲ್ಲಿ ತೆರೆಯಬೇಡಿ, ಕಣ್ಣು ಹೋಗುತ್ತದೆ.

ದೊಡ್ಡ ಕೊರತೆ ಅಂದರೆ ಹಳೆಯದಾಗಿರುವುದು. 2011ರ ಫೆಬ್ರವರಿಯಲ್ಲಿ ಬರೆದುಕೊಂಡ ಲೆಕ್ಕ ಇದು. ಆಗ ಆರನೇ ಕ್ಲಾಸಲ್ಲಿದ್ದ ಹುಡುಗಿ ಇವತ್ತು ನಮ್ಮ ಸಂಜೆ ಕ್ಲಾಸಿಗೆ ಮಗು ಎತ್ತಿಕೊಂಡು ಬರುತ್ತಾಳೆ. ಮುಂದಿನ ಎಣಿಕೆ 2027ಕ್ಕೆ ಅಂತ ಸರ್ಕಾರ ಪ್ರಕಟಿಸಿದೆ, ಈ ಸಲ ಎಲ್ಲಾ ಡಿಜಿಟಲ್.

ಐದಕ್ಕೆ ಮೂರೂವರೆ ಕೊಡುತ್ತೇನೆ. ಆ ಕಳೆದ ಒಂದೂವರೆಯಲ್ಲಿ ಅರ್ಧ ನಮ್ಮದೇ ತಪ್ಪು. ಹೋದ ಸಲ ಎಣಿಕೆಯವರು ನಮ್ಮ ಓಣಿಗೆ ಬಂದಾಗ ಪಕ್ಕದ ಮನೆ ಯಜಮಾನರು ಕಟ್ಟೆ ಮೇಲೆ ಕೂತು ಇಡೀ ಮನೆಯವರ ಪರವಾಗಿ ಉತ್ತರ ಕೊಟ್ಟರು. ಸೊಸೆ ಎಷ್ಟು ಓದಿದ್ದಾಳೆ ಅಂದರೆ ‘ಏನೋ ಅಷ್ಟಿಷ್ಟು, ಏಳನೇತ್ತ ಅಂತ ಬರ್ಕೊಳ್ರಿ’ ಅಂದರು. ಸೊಸೆ ಪಿಯುಸಿ ಪಾಸು, ಒಳಗೆ ರೊಟ್ಟಿ ತಟ್ಟುತ್ತಿದ್ದಳು.