ಗುಜರಿ ಅಂಗಡಿಯ ಆರ್‌ಜಿ-213 ಕೇಬಲ್: ನಾಲ್ಕು ವರ್ಷ ಬಳಸಿದ ಮೇಲೆ

ನನ್ನ ಹ್ಯಾಮ್ ರೇಡಿಯೋದಿಂದ ಆಂಟೆನಾಗೆ ಎಳೆಯಲು ಬೆಂಗಳೂರಿನ ಎಸ್‌ಪಿ ರೋಡಿನ ಹತ್ತಿರ ಒಂದು ಗುಜರಿ ಅಂಗಡಿಯಲ್ಲಿ 30 ಮೀಟರ್ ಹಳೇ ಆರ್‌ಜಿ-213 (ನಡುವೆ ಒಂದು ತಂತಿ, ಸುತ್ತ ತಾಮ್ರದ ಜಾಲರಿ ಇರುವ ಕೇಬಲ್) ಸಿಕ್ಕಿತು, ಮೀಟರ್‌ಗೆ 30 ರೂಪಾಯಿ. ಹೊಸದು ಕೊಳ್ಳುವಷ್ಟು ದುಡ್ಡು ಆಗ ಇರಲಿಲ್ಲ. ಅಲ್ಲೇ ಮಲ್ಟಿಮೀಟರ್ ಹಿಡಿದು ನೋಡಿದೆ. ನಡುತಂತಿ ಎಲ್ಲೂ ತುಂಡಾಗಿಲ್ಲ, ಜಾಲರಿಗೆ ಶಾರ್ಟ್ ಆಗಿಲ್ಲ. ಅಷ್ಟು ಸಾಕು ಅಂದುಕೊಂಡೆ. ಸಾಲದು ಅಂತ ಗೊತ್ತಾಗಲು ಮೂರು ಮಳೆಗಾಲ ಬೇಕಾಯಿತು.

ಎರಡು ಮೀಟರ್ ಬ್ಯಾಂಡಿನಲ್ಲಿ (145 ಮೆಗಾಹರ್ಟ್ಜ್ ಆಸುಪಾಸು) ನನ್ನ ಎಸ್‌ಡಬ್ಲ್ಯುಆರ್, ಅಂದರೆ ಆಂಟೆನಾದಿಂದ ಎಷ್ಟು ಪವರ್ ವಾಪಸ್ ಬರುತ್ತಿದೆ ಅಂತ ತೋರಿಸುವ ಅಂಕಿ (1ಕ್ಕೆ ಹತ್ತಿರ ಇದ್ದಷ್ಟೂ ಒಳ್ಳೆಯದು), ಮೊದಲು 1.6 ಇತ್ತು, ಬರುಬರುತ್ತಾ 1.3ಕ್ಕೆ ಇಳಿಯಿತು. ನಾನು ಖುಷಿಪಟ್ಟೆ. ಆದರೆ ರಿಪೀಟರ್‌ನಲ್ಲಿ (ನಮ್ಮ ಸಿಗ್ನಲ್ ಹಿಡಿದು ದೂರಕ್ಕೆ ಮತ್ತೆ ಕಳಿಸುವ ಸ್ಟೇಷನ್) 'ನಿಮ್ಮ ಧ್ವನಿ ಸರಿಯಾಗಿ ಕೇಳ್ತಿಲ್ಲ' ಅನ್ನುವವರು ಜಾಸ್ತಿಯಾದರು. ರೇಡಿಯೋ ಬಿಚ್ಚಿದೆ, ಆಂಟೆನಾ ತಿರುಗಿಸಿದೆ. ಕೇಬಲ್ ಮೇಲೆ ಅನುಮಾನವೇ ಬರಲಿಲ್ಲ, ಮೀಟರ್ ಅಷ್ಟು ಚೆನ್ನಾಗಿ ತೋರಿಸುತ್ತಿತ್ತಲ್ಲ.

ಇದೇ ನನಗೆ ತುಂಬಾ ಬೇಜಾರಾದ ವಿಷಯ. ಆಂಟೆನಾದಿಂದ ವಾಪಸ್ ಬರುವ ಪವರ್ ಅನ್ನೂ ಕೇಬಲ್ ದಾರಿಯಲ್ಲೇ ತಿಂದುಬಿಟ್ಟರೆ ಮೀಟರ್‌ಗೆ ತಲುಪುವುದು ಕಡಿಮೆ, ಹಾಗಾಗಿ ಎಸ್‌ಡಬ್ಲ್ಯುಆರ್ ಒಳ್ಳೆಯದಾಗಿ ಕಾಣುತ್ತದೆ. ಕೊನೆಗೆ ಮೇಲೆ ಹೋಗಿ ಆಂಟೆನಾ ಬಿಚ್ಚಿ, ಕೇಬಲ್ ತುದಿಯನ್ನು ಹಾಗೇ ಬಿಟ್ಟು, ಕೆಳಗೆ ನ್ಯಾನೊವಿಎನ್‌ಎ ಅನ್ನುವ ಪುಟ್ಟ ಅಳತೆಯ ಉಪಕರಣ ಹಾಕಿದೆ. 145 ಮೆಗಾಹರ್ಟ್ಜ್‌ನಲ್ಲಿ ರಿಟರ್ನ್ ಲಾಸ್, ಅಂದರೆ ಸಿಗ್ನಲ್ ಆ ತೆರೆದ ತುದಿಗೆ ಹೋಗಿ ವಾಪಸ್ ಬರುವಷ್ಟರಲ್ಲಿ ಆದ ನಷ್ಟ, 9.6 ಡಿಬಿ (ಡೆಸಿಬೆಲ್). ಅದು ಹೋಗಿ ಬಂದ ಲೆಕ್ಕ, ಒಂದು ಕಡೆಗೆ ಅರ್ಧ, ಅಂದರೆ 4.8. ಹತ್ತು ವ್ಯಾಟ್ ಕಳಿಸಿದರೆ ಮೇಲೆ ಸೇರುತ್ತಿದ್ದದ್ದು ಮೂರು ಚಿಲ್ಲರೆ ವ್ಯಾಟ್! ಹೊಸ ಕೇಬಲ್ ಆಗಿದ್ದರೆ ಸುಮಾರು ಎರಡೂವರೆ ಡಿಬಿ ಹೋಗುತ್ತಿತ್ತು.

ಚಾಕು ತಗೊಂಡು ಮೇಲಿನ ತುದಿ ಸುಲಿದೆ. ಜಾಲರಿ ಕಪ್ಪಗೆ, ಅಲ್ಲಲ್ಲಿ ಹಸಿರು. ಪಿಎಲ್-259 ಕನೆಕ್ಟರ್ ನೀರು ತಡೆಯುವುದಿಲ್ಲ, ನಾನು ಅದಕ್ಕೆ ಟೇಪ್ ಸುತ್ತಿರಲಿಲ್ಲ. ತಪ್ಪು ನನ್ನದೇ. ಅರ್ಧರ್ಧ ಮೀಟರ್ ಕತ್ತರಿಸುತ್ತಾ ಹೋದೆ, ಪ್ರತಿ ಸಲ ಸುಲಿದು ಬಿಸಿಲಿಗೆ ಹಿಡಿದು ನೋಡಿದೆ. ನಾಲ್ಕು ಮೀಟರ್ ಹೋದ ಮೇಲೆ ಥಳಥಳ ಕೆಂಪು ತಾಮ್ರ ಕಂಡಿತು. ಆ ಹೊಳಪು ನೋಡಿ ಮನಸ್ಸು ತಣ್ಣಗಾಯಿತು.

ಉಳಿದ 26 ಮೀಟರ್ ಮತ್ತೆ ಅಳೆದರೆ 145ರಲ್ಲಿ 2.9 ಡಿಬಿ. ಎರಡು ಮೀಟರ್ ಬ್ಯಾಂಡಿಗೆ ಇದೂ ನನಗೆ ಬೇಡ, ಅದಕ್ಕೆ 12 ಮೀಟರ್ ಹೊಸ ಕೇಬಲ್ ತಂದೆ. ಆದರೆ 7 ಮೆಗಾಹರ್ಟ್ಜ್‌ನಲ್ಲಿ ಬರೀ 0.7! ಈಗ ಇದೇ ಕೇಬಲ್ ನನ್ನ ನಲವತ್ತು ಮೀಟರ್ ಬ್ಯಾಂಡಿನ (ಅದೇ 7 ಮೆಗಾಹರ್ಟ್ಜ್) ಡೈಪೋಲ್ ಅನ್ನುವ ತಂತಿ ಆಂಟೆನಾಗೆ ಹೋಗುತ್ತದೆ. ಬೆಳಗ್ಗೆ ಕಾಫಿ ಜೊತೆ ಅದರಲ್ಲೇ ಮಾತು. ಕನೆಕ್ಟರ್‌ಗೆ ರಬ್ಬರ್ ಟೇಪ್ ಎಳೆದು ಬಿಗಿಯಾಗಿ ಸುತ್ತಿದ್ದೇನೆ. ಮನೆಯೊಳಗೆ ಬರುವ ಕಡೆ ಕೇಬಲ್ ಅನ್ನು ಜೋಕಾಲಿ ಥರ ಇಳಿಬಿಟ್ಟಿದ್ದೇನೆ, ನೀರು ಅಲ್ಲೇ ತೊಟ್ಟಿಕ್ಕಲಿ ಅಂತ.

ಹಳೇದು ಕೊಳ್ಳುವವರು ಅಂಗಡಿಯಲ್ಲೇ ಎರಡೂ ತುದಿ ಗೇಣುದ್ದ ಸುಲಿಸಿ ನೋಡಿ. ಕಪ್ಪಾಗಿದ್ದರೆ, ಅಗ್ಗ ಅಂತ ಸುಮ್ನೆ ತರಬೇಡಿ. ಮಳೆ ಶುರುವಾಗುವ ಮುಂಚೆ ವರ್ಷಕ್ಕೊಮ್ಮೆ ತುದಿ ಬಿಚ್ಚಿ ಅಳೆಯಿರಿ. ಈ ಮೇ ತಿಂಗಳಲ್ಲಿ ನಾನೂ ಅಳೆದೆ, ಈಗಲೂ 0.7.