ಮನೆಯಲ್ಲೇ ಶೋಲ್ಡರ್ ರಿಗ್ ಮಾಡ್ತೀರಾ? ಮೊದಲು ಬೋಲ್ಟ್ ನೋಡಿ

ನನ್ನ ಕ್ಯಾಮೆರಾ ಹೆಗಲೆತ್ತರದಿಂದ ನೆಲಕ್ಕೆ ಬಿತ್ತು. ಲೆನ್ಸೇ ಮೊದಲು ತಾಗಿತು. ಲೆನ್ಸ್ ಕೂರುವ ಲೋಹದ ಉಂಗುರ ಸೊಟ್ಟಗಾಗಿದೆ, ಫೋಕಸ್ ರಿಂಗ್ ಅರ್ಧ ತಿರುಗಿ ಸಿಕ್ಕಿಕೊಳ್ಳುತ್ತದೆ. ಅದನ್ನು ಕೂರಿಸಿದ್ದು ಪೈಪ್ ಜೋಡಿಸಿ ನಾನೇ ಮಾಡಿದ್ದ ಶೋಲ್ಡರ್ ರಿಗ್ ಮೇಲೆ, ಅಂದರೆ ಕ್ಯಾಮೆರಾವನ್ನು ಹೆಗಲ ಮೇಲೆ ಹೊತ್ತು ಶೂಟ್ ಮಾಡುವ ಚೌಕಟ್ಟು. ಪೈಪ್ ಮುರಿಯಲಿಲ್ಲ. ಕೈ ಕೊಟ್ಟಿದ್ದು ಒಂದು ಬೋಲ್ಟ್. ನೋಡಿದರೂ ಮುಟ್ಟಿದರೂ ಗೊತ್ತಾಗದ ತಪ್ಪು ಇದು, ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ರಿಗ್‌ನಲ್ಲಿ ವಿಶೇಷ ಏನೂ ಇರಲಿಲ್ಲ. ಪಿವಿಸಿ ಪೈಪ್, ಪೈಪ್ ಸೇರಿಸುವ ಕೆಲವು ಎಲ್ಬೋ (ಮೊಣಕೈಯಂತೆ ಬಾಗಿದ ತುಂಡು), ಎರಡು ಟೀ (T ಆಕಾರದ ತುಂಡು). ಹೆಗಲ ಮೇಲೆ ಕೂರುವ ಕಡೆ ಸ್ಪಂಜು, ಮುಂದೆ ಎರಡು ಹಿಡಿಕೆ. ಕ್ಯಾಮೆರಾ ಇಡಲು ಒಂದು ಪ್ಲೈವುಡ್ ತುಂಡು. ಅದಕ್ಕೆ ತೂತು ಕೊರೆದು, ಕೆಳಗಿನಿಂದ ಬೋಲ್ಟ್ ತೂರಿಸಿ, ಕ್ಯಾಮೆರಾದ ಅಡಿಗೆ ತಿರುಗಿಸಿದ್ದೆ.

ಇಲ್ಲೇ ಎಡವಟ್ಟಾಗಿದ್ದು. ಕ್ಯಾಮೆರಾದ ಅಡಿಯಲ್ಲಿ ಟ್ರೈಪಾಡ್‌ಗೆಂದು ಇರುವ ತೂತು ಸಾಮಾನ್ಯವಾಗಿ ಕಾಲಿಂಚಿನದು, ಇಂಚಿಗೆ 20 ಥ್ರೆಡ್ (ಸ್ಕ್ರೂವಿನಲ್ಲಿರುವ ಸುರುಳಿ ಗೆರೆ). ಅದಕ್ಕೆ ಹೊಂದುವ ಬೋಲ್ಟ್‌ನ ದಪ್ಪ 6.35 ಎಂಎಂ, ಒಂದು ಥ್ರೆಡ್‌ನಿಂದ ಮುಂದಿನದಕ್ಕೆ 1.27 ಎಂಎಂ. ನನ್ನ ಡಬ್ಬಿಯಲ್ಲಿದ್ದದ್ದು 6 ಎಂಎಂ ಬೋಲ್ಟ್. ಅದರ ಥ್ರೆಡ್‌ಗಳ ಅಂತರ 1 ಎಂಎಂ. ಪಕ್ಕಪಕ್ಕ ಇಟ್ಟು ನೋಡಿದರೂ ಎರಡೂ ಒಂದೇ ಅನ್ನಿಸುತ್ತವೆ. ತಿರುಗಿಸಿದಾಗಲೂ ಹಾಗೇ. ಮೊದಲ ಎರಡು ಮೂರು ಸುತ್ತು ಸಲೀಸಾಗಿ ಹೋಗುತ್ತದೆ. ಆಮೇಲೆ ಬಿಗಿಯಾಗುತ್ತದೆ. ಆ ಬಿಗಿ ನೋಡಿ ಬೋಲ್ಟ್ ಪೂರ್ತಿ ಕೂತಿದೆ ಅಂದುಕೊಂಡೆ. ನಿಜ ಏನೆಂದರೆ, ಅಂತರ ಬೇರೆ ಆಗಿರುವುದರಿಂದ ಥ್ರೆಡ್‌ಗಳು ಒಂದನ್ನೊಂದು ತುಳಿದು ಸಿಕ್ಕಿಕೊಂಡಿರುತ್ತವೆ. ಇನ್ನೂ ಬಿಗಿ ಮಾಡಿದರೆ ಕ್ಯಾಮೆರಾದೊಳಗಿನ ಥ್ರೆಡ್ಡೇ ಸವೆದುಹೋಗುತ್ತದೆ. ನಾನು ಸ್ಪ್ಯಾನರ್ ಹಾಕಿ ಇನ್ನರ್ಧ ಸುತ್ತು ತಿರುಗಿಸಿದ್ದೆ.

ಮನೆಯಲ್ಲಿ ಹತ್ತು ನಿಮಿಷ ಹೆಗಲ ಮೇಲಿಟ್ಟುಕೊಂಡು ನಿಂತೆ. ಏನೂ ಆಗಲಿಲ್ಲ. ಮಾರನೇ ದಿನ ಗೆಳೆಯರ ನಾಟಕದ ರಿಹರ್ಸಲ್ ಶೂಟ್ ಮಾಡಲು ಹೋದೆ. ಅಲ್ಲಿ ನಿಂತಲ್ಲೇ ನಿಲ್ಲುವ ಮಾತೇ ಇರಲಿಲ್ಲ. ನಟರ ಹಿಂದೆ ನಡೆಯಬೇಕು, ಮಂಡಿಯೂರಬೇಕು, ತಟ್ಟನೆ ಏಳಬೇಕು. ಒಂದು ಮಾತು ಹೇಳಬೇಕು, ನಡೆಯುವಾಗಿನ ಮೇಲೆ ಕೆಳಗಿನ ಕುಲುಕನ್ನು ಶೋಲ್ಡರ್ ರಿಗ್ ನುಂಗುವುದಿಲ್ಲ. 1970ರ ದಶಕದಲ್ಲಿ ಅಮೆರಿಕದ ಕ್ಯಾಮೆರಾಮನ್ ಗ್ಯಾರೆಟ್ ಬ್ರೌನ್, ನಡೆಯುತ್ತಲೇ ಶೂಟ್ ಮಾಡಲು ಮೈಗೆ ಕಟ್ಟಿಕೊಳ್ಳುವ ಸ್ಟೆಡಿಕ್ಯಾಮ್ ಎಂಬ ಸಾಧನ ಮಾಡಿದಾಗ ಅದರಲ್ಲಿ ಸ್ಪ್ರಿಂಗ್ ಇರುವ ತೋಳು ಇಟ್ಟಿದ್ದು ಆ ಕುಲುಕು ತಡೆಯಲಿಕ್ಕೇ. ನಮ್ಮ ರಿಗ್‌ನಲ್ಲಿ ಪ್ರತಿ ಹೆಜ್ಜೆಯ ಪೆಟ್ಟೂ ಹೆಗಲಿನಿಂದ ಪೈಪ್‌ಗೆ, ಪೈಪ್‌ನಿಂದ ಆ ಬೋಲ್ಟ್‌ಗೆ ಹೋಗುತ್ತದೆ.

ಅರ್ಧ ಗಂಟೆಯಾದ ಮೇಲೆ ಸಣ್ಣದಾಗಿ ‘ಟಿಕ್’ ಅಂತ ಸದ್ದು ಬಂತು. ಪೈಪ್ ಜಾಯಿಂಟ್ ಇರಬೇಕು ಅಂದುಕೊಂಡೆ, ಯಾಕಂದ್ರೆ ಜಾಯಿಂಟ್‌ಗಳಿಗೆ ಗಮ್ ಹಾಕಿರಲಿಲ್ಲ, ಸುಮ್ನೆ ಒತ್ತಿ ಸೇರಿಸಿದ್ದೆ. ಮುಂದಿನ ಎಲ್ಬೋ ಸ್ವಲ್ಪ ತಿರುಗಿ ಕ್ಯಾಮೆರಾ ಕೆಳಗೆ ಬಾಗಿತ್ತು. ಅದನ್ನು ಕೈಯಲ್ಲೇ ಸರಿಮಾಡಿ ಮತ್ತೆ ಶುರು ಮಾಡಿದೆ. ಆಗಲೇ ನಿಲ್ಲಿಸಿ ಬೋಲ್ಟ್ ನೋಡಬೇಕಿತ್ತು. ಇನ್ನೆರಡು ದೃಶ್ಯ ಮುಗಿದವು. ಮಂಡಿಯೂರಿದವನು ಎದ್ದು ನಿಂತ ಕ್ಷಣದಲ್ಲಿ ಕೈಗೆ ಭಾರವೇ ಇಲ್ಲದಂತಾಯಿತು. ಆಮೇಲೆ ಸದ್ದು ಕೇಳಿತು.

ರಿಗ್ ತಿರುಗಿಸಿ ನೋಡಿದಾಗ ಬೋಲ್ಟ್ ಇನ್ನೂ ಹಲಗೆಯಲ್ಲೇ ನಿಂತಿತ್ತು. ಅದರ ತುದಿಯ ಎರಡು ಮೂರು ಥ್ರೆಡ್‌ಗಳ ಸಂದಿಯಲ್ಲಿ ಕೂದಲಿನಷ್ಟು ತೆಳುವಾದ, ಹೊಳೆಯುವ ಲೋಹದ ಎಳೆ ಸುತ್ತಿಕೊಂಡಿತ್ತು. ಕ್ಯಾಮೆರಾದ ತೂತಿನ ಥ್ರೆಡ್ ಅದು. ಒಂದೂವರೆ ಸುತ್ತಿನಷ್ಟು ಕಿತ್ತು ಬಂದಿತ್ತು.

ನೀವು ಮಾಡುವುದಾದರೆ ಕಾಲಿಂಚು, 20 ಥ್ರೆಡ್ ಎಂದು ಬಾಯಿಬಿಟ್ಟು ಕೇಳಿ ತನ್ನಿ. ಹಳೆಯ ಟ್ರೈಪಾಡ್‌ನ ಪ್ಲೇಟಿನಿಂದ ತೆಗೆದ ಸ್ಕ್ರೂ ಆದರೆ ಇನ್ನೂ ಒಳ್ಳೆಯದು. ಸರಿಯಾದ ಬೋಲ್ಟ್ ಕೊನೆಯವರೆಗೂ ಬರೀ ಬೆರಳಲ್ಲೇ ತಿರುಗುತ್ತದೆ, ಮಧ್ಯದಲ್ಲಿ ಸ್ಪ್ಯಾನರ್ ಬೇಕು ಅನ್ನಿಸಿದರೆ ಅಲ್ಲೇ ನಿಲ್ಲಿಸಿ. ಉದ್ದವನ್ನೂ ನೋಡಿ. ಆ ತೂತು ತುಂಬಾ ಆಳ ಇರುವುದಿಲ್ಲ. ಹಲಗೆಯಿಂದ ಸುಮಾರು 5 ಎಂಎಂ ಹೊರಗೆ ಬಂದರೆ ಸಾಕು. ಜಾಸ್ತಿ ಬಂದರೆ ಬೋಲ್ಟ್ ತಳಕ್ಕೆ ತಾಗಿ ಬಿಗಿಯಾದಂತೆ ಅನಿಸುತ್ತದೆ, ಕ್ಯಾಮೆರಾ ಮಾತ್ರ ಹಲಗೆಯ ಮೇಲೆ ಅಲ್ಲಾಡುತ್ತಿರುತ್ತದೆ. ಆಗಲೂ ಒತ್ತಿ ತಿರುಗಿಸಿದರೆ ತೂತಿನ ತಳವೇ ಒಡೆಯಬಹುದು. ಉದ್ದ ಜಾಸ್ತಿ ಇದ್ದರೆ ಕೆಳಗಿನಿಂದ ವಾಷರ್ ಸೇರಿಸಿ.

ಜಾಯಿಂಟ್‌ಗಳಿಗೆ ಪಿವಿಸಿ ಗಮ್ ಹಾಕಿ. ಅಳತೆ ಪಕ್ಕಾ ಆಗುವವರೆಗೆ ಗಮ್ ಬೇಡ ಅಂದರೆ ಒಂದೊಂದು ಜಾಯಿಂಟ್‌ಗೂ ಅಡ್ಡಲಾಗಿ ಸ್ಕ್ರೂ ಹೊಡೆಯಿರಿ.

ಹಿಂದೆ ತೂಕ ಇಡದೆ ಇದ್ದದ್ದೂ ನನ್ನ ತಪ್ಪೇ. ಎಲ್ಲ ಸೇರಿ 2 ಕೆಜಿ ಇರುವ ಕ್ಯಾಮೆರಾ ಹೆಗಲಿನಿಂದ 30 ಸೆಂಮೀ ಮುಂದಿದ್ದರೆ, 40 ಸೆಂಮೀ ಹಿಂದೆ 1.5 ಕೆಜಿ ಇಟ್ಟಾಗ ತಕ್ಕಡಿ ಸಮ ಆಗುತ್ತದೆ. ಹೆಚ್ಚುಕಮ್ಮಿ ಒಂದೂವರೆ ಲೀಟರ್ ನೀರಿನ ಬಾಟಲಿಯಷ್ಟು ತೂಕ. ಅದಿಲ್ಲದಿದ್ದರೆ ಮುಂದಿನ ಭಾರವೆಲ್ಲ ಮಣಿಕಟ್ಟಿಗೆ ಬೀಳುತ್ತದೆ. ಕೈ ನಡುಗಲು ಶುರುವಾದರೆ ರಿಗ್ ಇದ್ದೂ ಏನು ಉಪಯೋಗ ಅಲ್ವಾ?

ಇನ್ನೊಂದು, ಇದನ್ನು ಮಾತ್ರ ದಯವಿಟ್ಟು ಬಿಡಬೇಡಿ. ಕ್ಯಾಮೆರಾದ ಪಟ್ಟಿಯನ್ನು ರಿಗ್‌ನ ಪೈಪ್‌ಗೆ ಒಂದು ಸುತ್ತು ಹಾಕಿ ಕಟ್ಟಿ. ಅಂಗೈ ಅಗಲಕ್ಕಿಂತ ಜಾಸ್ತಿ ಸಡಿಲ ಇರಬಾರದು. ಫ್ರೇಮಿಗೆ ಅಡ್ಡ ಬರುತ್ತದೆ ಅಂತ ಆ ದಿನ ನಾನು ಪಟ್ಟಿ ಬಿಚ್ಚಿ ಬ್ಯಾಗಿನಲ್ಲಿ ಇಟ್ಟಿದ್ದೆ. ಅದು ಇದ್ದಿದ್ದರೆ ಬೋಲ್ಟ್ ಕಿತ್ತು ಬಂದರೂ ಕ್ಯಾಮೆರಾ ಪೈಪ್‌ಗೆ ನೇತಾಡುತ್ತಿತ್ತು.