ಧೈರ್ಯದ ಕ್ಯಾಪ್ಸೂಲ್ ಮಾರುವವರಿಗೆ ದುಡ್ಡು ಕೊಡಬೇಡಿ

ಕಾಸರಗೋಡು, ಕುಂಬಳೆ, ಬದಿಯಡ್ಕ ಕಡೆಯವರು ದಯವಿಟ್ಟು ಓದಿ. ನಾಚಿಕೆ ಸ್ವಭಾವ ಬಿಡಿಸುತ್ತೇವೆ, ನಾಲ್ಕು ಜನರೊಟ್ಟಿಗೆ ಬೆರೆಯುವ ಹಾಗೆ ಮಾಡುತ್ತೇವೆ ಎಂದು ಒಂದು ಸೆಂಟರಿನವರು ಪ್ಯಾಕೇಜ್ ಮಾರುತ್ತಿದ್ದಾರೆ. ಕ್ಯಾಪ್ಸೂಲ್, ಮೊಬೈಲಿನಲ್ಲಿ ಬ್ರೇನ್ ಟ್ರೈನಿಂಗ್, ದಿನಚರಿಯ ಚಾರ್ಟ್. ಎಲ್ಲ ಸೇರಿ 14,500 ರೂಪಾಯಿ. ನನ್ನದು ಹೋಯಿತು. ನಿಮ್ಮದು ಹೋಗಬಾರದು.

ನಾನು ಕೌಂಟರಿನಲ್ಲಿ ಕೂತು ಕೆಲಸ ಮಾಡುವವಳು. ಎದುರಿದ್ದವರು ಮಲಯಾಳದಲ್ಲಿ ಸ್ವಲ್ಪ ಜೋರಾಗಿ ಕೇಳಿದರೆ ನನಗೆ ಕನ್ನಡವೂ ಹೊರಡುವುದಿಲ್ಲ. "ಅಕ್ಕಾ, ಇದು ಎಂತ ದೊಡ್ಡ ವಿಷಯ ಅಲ್ಲ" ಎಂದರು ಸೆಂಟರಿನವರು. ಬೇರೆ ಏನು ಮಾತ್ರೆ ತಗೊಳ್ಳುತ್ತೀರಿ ಎಂದು ಮಾತ್ರ ಕೇಳಲೇ ಇಲ್ಲ. ಮೆಡಿಕಲ್ ಶಾಪಿನವರಾದರೂ ಕೇಳುತ್ತಾರೆ, ಅಲ್ವಾ? ನಾನು ಥೈರಾಯ್ಡ್ ಮಾತ್ರೆ ತಿನ್ನುವವಳು!

ಹೊಟ್ಟೆ ಕೆಟ್ಟಿತು. ಹಗಲೆಲ್ಲ ತೂಕಡಿಕೆ. ಒಂದು ದಿನ ಬಾಟಲಿಯ ಸ್ಟಿಕ್ಕರಿನ ಅಂಚು ಎದ್ದಿತ್ತು. ಉಗುರಿನಲ್ಲಿ ಕೆರೆದೆ. ಕೆಳಗೆ ಇನ್ನೊಂದು ಲೇಬಲ್! ಅಶ್ವಗಂಧ ಎಂದಿತ್ತು. ಅದರಡಿ ಸಣ್ಣಕ್ಷರದಲ್ಲಿ 'ನಾಟ್ ಫಾರ್ ಮೆಡಿಸಿನಲ್ ಯೂಸ್', ಅಂದರೆ ಔಷಧಿಯಾಗಿ ಬಳಸಲು ಅಲ್ಲ. ಮೈಯೆಲ್ಲ ಉರಿದುಹೋಯಿತು. ಅದೇ ಬಾಟಲಿ ಅಂಗಡಿಯಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಅಶ್ವಗಂಧದಿಂದ ಥೈರಾಯ್ಡ್ ಹಾರ್ಮೋನ್ ಏರಬಹುದು, ಕೇಳದೆ ತಿನ್ನಬಾರದಿತ್ತು ಎಂದು ಡಾಕ್ಟರು ಬೈದರು.

ಬ್ರೇನ್ ಟ್ರೈನಿಂಗ್ ಅಂದರೆ ಅಂಕಿ ನೆನಪಿಡುವ ಆಟ, ಬಣ್ಣ ಹೊಂದಿಸುವ ಆಟ. ಆಡಿ ಆಡಿ ಆ ಆಟದಲ್ಲಿ ಕೈ ಚುರುಕಾಗುತ್ತದೆ, ಅಷ್ಟೇ. ಮನುಷ್ಯರ ಮುಖ ನೋಡಿ ಮಾತಾಡಲು ಅದು ಏನು ಕಲಿಸುತ್ತದೆ? ಅಮೆರಿಕದಲ್ಲಿ ಇಂಥದೇ ಆಟ ಮಾರುವ ಲುಮಾಸಿಟಿಯ ಕಂಪನಿ, ಮೋಸದ ಜಾಹೀರಾತಿನ ಆರೋಪಕ್ಕೆ 2016ರಲ್ಲಿ 20 ಲಕ್ಷ ಡಾಲರ್ ಕಟ್ಟಿದೆ. ಇಲ್ಲಿ ಕೇಳುವವರೇ ಇಲ್ಲ.

ಸೆಂಟರಿಗೆ ಫೋನ್ ಮಾಡಿದೆ. "ಚಾರ್ಟ್ ಸರಿಯಾಗಿ ಪಾಲಿಸಿದಿರಾ? ಸಂಜೆ ಚಾ ಬಿಟ್ಟಿರಾ?" ಬಿಟ್ಟಿಲ್ಲ ಎಂದೆ. "ಹಾಗಾದರೆ ನಮ್ಮ ಗ್ಯಾರಂಟಿ ಇಲ್ಲ ಅಕ್ಕಾ." ಒಂದು ಲೋಟ ಚಾ ಕುಡಿದದ್ದಕ್ಕೆ! ನಾನು ಸ್ವರ ಏರಿಸಿದೆ, ದುಡ್ಡು ವಾಪಸ್ ಕೊಡಿ ಎಂದೆ. ಅದಕ್ಕೆ ಅವರು ಹೇಳಿದ್ದು ಕೇಳಿ: "ನೋಡಿ, ಮೊದಲು ಬಂದಾಗ ನಿಮ್ಮ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ. ಈಗ ಹೇಗೆ ಜಗಳ ಆಡ್ತಿದ್ದೀರಿ! ಅದೇ ನಮ್ಮ ರಿಸಲ್ಟ್." ಹಿಂದೆ ಯಾರೋ ನಕ್ಕದ್ದೂ ಕೇಳಿಸಿತು. ನನ್ನ ಬಾಯಿ ಕಟ್ಟಿತು. ಹೊಟ್ಟೆ ಉರಿದು ಬಂದ ಮಾತು ಅದು, ಅವರ ಕ್ಯಾಪ್ಸೂಲಿನಿಂದ ಬಂದದ್ದಲ್ಲ. ಅದನ್ನೂ ತಮ್ಮ ಲೆಕ್ಕಕ್ಕೆ ಬರೆದುಕೊಂಡರು! ಈಗ ನನ್ನ ನಂಬರ್ ಬ್ಲಾಕ್ ಮಾಡಿದ್ದಾರೆ.

ಬಿಲ್ ಕೊಡದವರಿಗೆ ದುಡ್ಡು ಕೊಡಬೇಡಿ. ನನಗೆ ಕೊಟ್ಟದ್ದು ಬರೀ ಒಂದು ಚೀಟಿ. ಸ್ಟಿಕ್ಕರಿನ ಮೇಲೆ ಸ್ಟಿಕ್ಕರ್ ಇದ್ದರೆ ಮುಟ್ಟಲೇಬೇಡಿ. ಜನರೆದುರು ಹೋಗಲು ವಿಪರೀತ ಭಯ ಇದ್ದರೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯದ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಸರಕಾರದ್ದು, ದುಡ್ಡು ಬೇಡ, ಕನ್ನಡವೂ ಇದೆ. ಈ ಭಯಕ್ಕೆ ಸಿಬಿಟಿ ಎಂಬ ಮಾತುಕತೆಯ ಚಿಕಿತ್ಸೆ ಇದೆ, ಸ್ವಲ್ಪ ಸ್ವಲ್ಪವೇ ಎದುರಿಸಿ ಅಭ್ಯಾಸ ಮಾಡಿಸುತ್ತಾರೆ. ಇದನ್ನು ಆ ಸೆಂಟರಿನಲ್ಲಿ ಒಬ್ಬರೂ ನನಗೆ ಹೇಳಲಿಲ್ಲ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಇದೇ ಪ್ಯಾಕೇಜ್ ತಗೊಂಡವರು ಬೇರೆ ಯಾರಾದರೂ ಇದ್ದರೆ ನಾಚಿಕೊಳ್ಳದೆ ಹೇಳಿ. ಬಾಟಲಿ, ಚೀಟಿ ಬಿಸಾಡಬೇಡಿ. ಕಾಸರಗೋಡಿನ ಗ್ರಾಹಕ ಆಯೋಗಕ್ಕೆ ಒಟ್ಟಿಗೇ ಹೋಗೋಣ.